ಹೂರಣಕ್ಕೆ ಹನಿ ನೀರು ಮುಟ್ಟಿಸದ ಶೇಂಗಾ ಹೋಳಿಗೆ: ನನ್ನ ಅನುಭವ

ಎಳ್ಳಮಾಸಿಗೆ (ಎಳ್ಳ ಅಮಾವಾಸ್ಯೆಗೆ) ಮಾಡಿದ ಶೇಂಗಾ ಹೋಳಿಗೆ ಸಂಕ್ರಾಂತಿ ದಾಟಿದರೂ ಗರಿಗರಿಯಾಗಿ ಇರಬೇಕೆಂದರೆ ಹೂರಣಕ್ಕೆ ನೀರು ತಾಗಿಸಬಾರದು, ಪಾಕವನ್ನೂ ಹಿಡಿಯಬಾರದು. ಹೀಗೆಂದಾಗ ‘ಉಂಡಿ ಹೆಂಗ ಕಟ್ತೀರಿ, ಪುಡಿ ಉದುರ್ತದಲ್ಲ’ ಅಂದವರೇ ಹೆಚ್ಚು. ಈ ಸಲ 600ರ ಆಸುಪಾಸು ಹೋಳಿಗೆ ಬೇಯಿಸಿದೆ, ಒಡೆದದ್ದು 20 ಇರಬಹುದು. ಡಬ್ಬಿಯಲ್ಲಿ ಉಳಿಸಿಕೊಂಡವು 26ನೇ ದಿನಕ್ಕೂ ಕಮಟು ಹಿಡಿದಿರಲಿಲ್ಲ.

50 ಹೋಳಿಗೆಗೆ ಲೆಕ್ಕ ಇದು: ಶೇಂಗಾ 1 ಕೆಜಿ, ಬೆಲ್ಲ 800 ಗ್ರಾಂ, ಎಳ್ಳು 200 ಗ್ರಾಂ, ಏಲಕ್ಕಿ, ಚೂರು ಜಾಜಿಕಾಯಿ. ಕಣಕಕ್ಕೆ ಗೋಧಿ ಹಿಟ್ಟು 600, ಚಿರೋಟಿ ರವೆ 150 ಗ್ರಾಂ, ಕಾಯಿಸಿದ ಎಣ್ಣೆ 4 ಚಮಚ. ಮೈದಾ ಇಲ್ಲ. ಗೋಧಿ ಹಿಟ್ಟನ್ನು ತೆಳು ಬಟ್ಟೆಯಲ್ಲಿ ಸೋಸಲೇಬೇಕು; ತವುಡಿನ ಚೂರು ಉಳಿದರೆ ಲಟ್ಟಿಸುವಾಗ ಕಣಕ ಅಲ್ಲೇ ಹರಿಯುತ್ತದೆ. ಕಣಕಕ್ಕೆ ಇನ್ನೊಂದು ಪದಾರ್ಥ ಸೇರಿಸುತ್ತೇನೆ, ಅದು ನನ್ನಲ್ಲೇ ಇರಲಿ.

ಎಲ್ಲ ಕೆಡುವುದು ಮಿಕ್ಸಿಯಲ್ಲಿ. ಹುರಿದ ಶೇಂಗಾ ಪೂರ್ತಿ ಆರಿದ ಮೇಲೆ, ಬಿಟ್ಟು ಬಿಟ್ಟು ತಿರುಗಿಸಬೇಕು. ಒಂದೇ ಸಮನೆ ತಿರುಗಿಸಿದರೆ ಜಾರು ಕಾದು ಎಣ್ಣೆ ಬಿಡುತ್ತದೆ, ಹೂರಣ ಚಟ್ನಿಯಂತಾಗುತ್ತದೆ, ಹಂಚಿನ ಮೇಲೆ ಆ ಎಣ್ಣೆ ಕಣಕ ದಾಟಿ ಹೊರಬರುತ್ತದೆ. ಮೊದಲ ವರ್ಷ 2 ಕೆಜಿ ಹೀಗೆ ಹೋಯಿತು, ಉಂಡಿ ಕಟ್ಟಿ ಮುಗಿಸಿದೆ. ತರಿ ಉಳಿದರೆ ಅದೂ ಕಣಕ ಚುಚ್ಚುತ್ತದೆ. ಮುಷ್ಟಿಯಲ್ಲಿ ಒತ್ತಿದಾಗ ಬೆರಳಿನ ಗುರುತು ನಿಲ್ಲಬೇಕು, ಅಂಗೈಗೆ ಎಣ್ಣೆ ಹತ್ತಬಾರದು. ಅಲ್ಲಿಗೆ ನಿಲ್ಲಿಸಿ.

ಬೆಲ್ಲ ಗಟ್ಟಿ, ಒಣಗಿದ್ದೇ ಆಗಬೇಕು. ಹೆರೆದು ಜರಡಿ ಹಿಡಿಯಿರಿ. ಸಾಸಿವೆಯಷ್ಟು ಗಂಟು ಉಳಿದರೂ ಹಂಚಿನ ಮೇಲೆ ಕರಗಿ ತೂತು ಬೀಳುತ್ತದೆ, ಹೊತ್ತಿ ಕಪ್ಪಾಗುತ್ತದೆ, ಮುಂದಿನ ಹೋಳಿಗೆ ಅದೇ ಜಾಗದಲ್ಲಿ ಅಂಟುತ್ತದೆ. ಬೆಲ್ಲ ಕಲೆಸಿದ ಪುಡಿಯನ್ನು ಒತ್ತಿ ತುಂಬಿ, ಮುಚ್ಚಿ, ರಾತ್ರಿಯಿಡೀ ಬಿಡುತ್ತೇನೆ. ನೀರಿನ ಕೆಲಸವನ್ನೆಲ್ಲ ಈ ರಾತ್ರಿಯೇ ಮಾಡುತ್ತದೆ: ಬೆಲ್ಲ ಶೇಂಗಾದ ಎಣ್ಣೆಯೊಂದಿಗೆ ಹದವಾಗಿ ಕೂಡಿಕೊಂಡು ತಾನೇ ಉಂಡೆಗೆ ಬರುತ್ತದೆ. ಬೆಳಗಿನ ಚಳಿಗೆ ಬಿಗಿದಿದ್ದರೆ ಪಾತ್ರೆಯನ್ನು ಅರ್ಧ ತಾಸು ಬಿಸಿಲಿಗಿಟ್ಟರೆ ಸಾಕು. ಅವಸರಕ್ಕೆ ಹಾಲು ಚಿಮುಕಿಸಿದ ಒಂದು ಒಬ್ಬೆ ಹತ್ತೇ ದಿನಕ್ಕೆ ವಾಸನೆ ಬಂತು.

ಒಂದು ಹೋಳಿಗೆಗೆ ಕಣಕ 25 ಗ್ರಾಂ, ಹೂರಣ 40. ಎರಡನ್ನೂ ಹೆಬ್ಬೆರಳಿಂದ ಒತ್ತಿ ನೋಡಿ, ಒಂದೇ ಸಮ ತಗ್ಗಬೇಕು. ಕಣಕ ಮೆತ್ತಗಾದರೆ ಹೂರಣ ನಡುವೆಯೇ ಕೂತು ಅಂಚು ಬರೀ ಚಪಾತಿ. ಅಕ್ಕಿ ಹಿಟ್ಟು ಹಚ್ಚಿ, ನಡುವಿನಿಂದ ಅಂಚಿಗೆ ಲಟ್ಟಿಸಿ. ಸಣ್ಣ ಉರಿ, ಅಂಚನ್ನು ಬಟ್ಟೆಯಿಂದ ಒತ್ತಿ ಬೇಯಿಸಿ. ಬಿಸಿಯಲ್ಲೇ ಒಂದರ ಮೇಲೊಂದು ಪೇರಿಸಿದರೆ ಬೆವರಿ ಮೆತ್ತಗಾಗುತ್ತವೆ. ಬಿಡಿಬಿಡಿಯಾಗಿ ಬಟ್ಟೆಯ ಮೇಲೆ ಒಂದು ತಾಸು ಹರಡಬೇಕು.

ಖರ್ಚು: ಶೇಂಗಾ ಕೆಜಿಗೆ 150 ರೂಪಾಯಿಯ ಹತ್ತಿರ ಬಿತ್ತು. ಗ್ಯಾಸ್ ಸೇರಿ 50ಕ್ಕೆ 400 ರೂಪಾಯಿ, ಅಂದರೆ ಒಂದಕ್ಕೆ 8. ನಾನು 16ಕ್ಕೆ ಕೊಟ್ಟೆ. ಲಟ್ಟಿಸಲು ಒಬ್ಬರಿಗೆ ಕೂಲಿ ಕೊಟ್ಟ ದಿನ ಒಂದಕ್ಕೆ ಉಳಿದದ್ದು 4 ರೂಪಾಯಿ. ಮೊದಲ ವರ್ಷದ ಲುಕ್ಸಾನು ಈ ಸಲ ತೀರಿತು.

ಎಳ್ಳಿನ ಅರ್ಧ ಪಾಲು ತೆಗೆದು ಗುರೆಳ್ಳು ಹಾಕಿ ನೋಡಿದೆ: ಘಮ ಚೆನ್ನ, ಆದರೆ ಮೂರನೇ ವಾರಕ್ಕೆ ಕಹಿ ಬಂತು. ಕಣಕಕ್ಕೆ ಸಜ್ಜೆ ಹಿಟ್ಟು ಕಾಲು ಪಾಲು ಹಾಕಿದರೆ ಮಡಿಸುವಾಗಲೇ ಬಿರಿಯುತ್ತದೆ. ಒಲೆ ಬಿಟ್ಟು ಓವನ್‌ನಲ್ಲಿ 180 ಡಿಗ್ರಿಗೆ ಇಟ್ಟವು ಬಿಸ್ಕೀಟಿನಂತೆ ಉಬ್ಬಿ ನಡುವೆ ಸೀಳಿದವು. ಮುಳ್ಳುಚಮಚದಿಂದ ನಾಲ್ಕು ಕಡೆ ಚುಚ್ಚಿ 160ಕ್ಕೆ ಇಟ್ಟಾಗ ಸೀಳಲಿಲ್ಲ, ಆದರೆ ಹಂಚಿನ ಚುಕ್ಕೆಯೂ ಇಲ್ಲ, ಆ ರುಚಿಯೂ ಇಲ್ಲ.