ಬೀಚಿನಲ್ಲಿ ತಲಾ ಎಷ್ಟು ಮರಳು? ಅಳೆಯುವ ಬಗೆ

ಉಳ್ಳಾಲದಂಥ ಕಡಲ್ಕೊರೆತದ ದಡದಲ್ಲಿ ತಲೆ ಎಣಿಸಿದರಷ್ಟೇ ಸಾಲದು. ಅದೇ ಹೊತ್ತಿಗೆ ಮರಳಿನ ಅಗಲವನ್ನೂ ಅಳೆಯಬೇಕು. ದಡದುದ್ದಕ್ಕೆ 50 ಮೀಟರ್ ಗುರುತಿಸಿ, ಎರಡೂ ತುದಿಗೆ ಗೂಟ ಹೊಡೆಯಿರಿ. ಒದ್ದೆ ಮರಳಿನ ಮೇಲಂಚಿನಿಂದ ತಡೆಗೋಡೆಯ ಬುಡದವರೆಗೆ ಮೂರು ಕಡೆ ಟೇಪು ಹಿಡಿದು ಸರಾಸರಿ ತೆಗೆಯಿರಿ. ದೋಣಿ, ಚುರುಮುರಿ ಗಾಡಿ ನಿಂತ ಜಾಗ ಕಳೆಯಿರಿ.

ಭಾನುವಾರ ಸಂಜೆ 4ರಿಂದ 6:30ರವರೆಗೆ ಅರ್ಧ ಗಂಟೆಗೊಮ್ಮೆ ಎತ್ತರದಿಂದ ಫೋಟೊ ತೆಗೆದು, ಆಮೇಲೆ ಕೂತು ಎಣಿಸಿ. ಅಲ್ಲೇ ನಿಂತು ಎಣಿಸಿದರೆ ಓಡಾಡುವ ಮಕ್ಕಳು ಎರಡೆರಡು ಸಲ ಲೆಕ್ಕಕ್ಕೆ ಬರುತ್ತಾರೆ. ನೀರಿಗಿಳಿದವರದು ಬೇರೆ ಲೆಕ್ಕ. ಉದ್ದ 50 ಮೀಟರ್, ಅಗಲ 30 ಮೀಟರ್, ಜನ 250 ಎಂದರೆ ತಲಾ 6 ಚದರ ಮೀಟರ್.

ಇಳಿಜಾರು ಅಳೆಯಲು ಗಾರೆಯವರ ಲೆವೆಲ್ ಪೈಪು (ನೀರು ತುಂಬಿದ ಪಾರದರ್ಶಕ ಕೊಳವೆ) ಸಾಕು. ಒಳಗೆ ಒಂದು ಗಾಳಿಗುಳ್ಳೆ ಉಳಿದರೂ ಅಳತೆ ಕೆಟ್ಟಂತೆಯೇ. 20 ಮೀಟರಿಗೆ 1 ಮೀಟರ್ ಇಳಿಜಾರಿದ್ದರೆ, ಸಮುದ್ರ 30 ಸೆಂ.ಮೀ. ಏರಿದಾಗ 6 ಮೀಟರ್ ಅಗಲ ಮುಳುಗುತ್ತದೆ. ಅದೇ 250 ಜನಕ್ಕೆ ಆಗ ತಲಾ 4.8. ಕೊರೆತ ಇದರಲ್ಲಿ ಸೇರಿಲ್ಲ. ಹಿಂದೆ ಗೋಡೆ ಇದ್ದಲ್ಲಿ ಮರಳಿಗೆ ಸರಿಯಲು ಜಾಗವೂ ಇಲ್ಲ.

ಇಳಿತದಲ್ಲಿ ಮಾತ್ರ ಅಳೆದ ಅಂಕಿಯನ್ನು ನಂಬಬೇಡಿ, ಉಬ್ಬರದಲ್ಲೂ ಅಳೆಯಿರಿ. ಮಳೆಗಾಲದ ತೆರೆಗಳು ಮರಳನ್ನು ಎಳೆದೊಯ್ಯುವುದರಿಂದ ಫೆಬ್ರವರಿಯ ಅಗಲದ ಲೆಕ್ಕವನ್ನು ಸೆಪ್ಟೆಂಬರಿನ ಜನರಿಂದ ಭಾಗಿಸುವುದೂ ತಪ್ಪು.