ಪ್ರಿಂಟರ್ ನಮ್ಮದು, ಚಿಪ್ಪು ಯಾರದು?

ನಾನು ಶಿವಮೊಗ್ಗದಲ್ಲಿ ಪ್ರಿಂಟರ್ ರಿಪೇರಿ, ಟೋನರ್ (ಲೇಸರ್ ಪ್ರಿಂಟರಿನ ಮಸಿಪುಡಿ) ರೀಫಿಲ್ ಮಾಡಿಕೊಂಡಿದ್ದೇನೆ. ಗಿರಾಕಿಗಳಲ್ಲಿ ಜಾಸ್ತಿ ಜನ ಝೆರಾಕ್ಸ್ ಅಂಗಡಿಯವರು, ವಕೀಲರ ಆಫೀಸಿನವರು, ಶಾಲೆಯ ಗುಮಾಸ್ತರು. ಇವರೆಲ್ಲ ಒಂದಲ್ಲ ಒಂದು ಸಲ ಕೇಳಿಯೇ ಕೇಳುತ್ತಾರೆ: "ದುಡ್ಡು ಕೊಟ್ಟು ತಗೊಂಡೋನು ನಾನು. ಇಂಥದ್ದೇ ಟೋನರ್ ಹಾಕು ಅನ್ನೋಕೆ ಕಂಪನಿ ಯಾರು?" ಮೊದಲೆಲ್ಲ ನಕ್ಕು ಸುಮ್ಮನಾಗುತ್ತಿದ್ದೆ. ಆಮೇಲೆ ಕೂತು ಓದಿದೆ. ಈಗ ಪ್ರಿಂಟರ್ ಹೂಡಿಕೊಡುವ ರೀತಿಯೇ ಬೇರೆ.

ಟೋನರ್ ಪುಡಿ ಇರುವ ಡಬ್ಬಿಗೆ ಕಾರ್ಟ್ರಿಜ್ ಅನ್ನುತ್ತಾರೆ. ಲೇಸರ್ ಕಾರ್ಟ್ರಿಜ್‌ನ ಪಕ್ಕದ ಪಿನ್ನು ತಳ್ಳಿದರೆ ಅದು ಎರಡು ಹೋಳಾಗುತ್ತದೆ. ಒಂದರಲ್ಲಿ ಪುಡಿ ತುಂಬುವ ಹಾಪರ್. ಇನ್ನೊಂದರಲ್ಲಿ ಡ್ರಮ್ಮು (ಅಚ್ಚಾಗಬೇಕಾದ ಪುಟ ಮೊದಲು ಮೂಡುವ ಉರುಳೆ), ಅದರ ಹಿಂದೆ ವೇಸ್ಟ್ ಪುಡಿ ಸೇರುವ ಜಾಗ. ವೇಸ್ಟ್ ತೆಗೆದು, ಬ್ಲೇಡ್ ಒರೆಸಿ, ಬೆಳಕು ತಾಗದಂತೆ ಡ್ರಮ್ಮಿನ ಮೇಲೆ ಬಟ್ಟೆ ಹೊದಿಸಿ, ಹೊಸ ಪುಡಿ ಹಾಕಿದರೆ ಕೆಲಸ ಮುಗಿಯಿತು. ಮುಗಿಯಬೇಕಿತ್ತು. ಆದರೆ ಮೂಲೆಯಲ್ಲಿ ಉಗುರಿಗಿಂತ ಚಿಕ್ಕದೊಂದು ಎಲೆಕ್ಟ್ರಾನಿಕ್ ಚಿಪ್ಪು ಅಂಟಿರುತ್ತದೆ. ಎಷ್ಟು ಪುಟ ಬಂತು ಅಂತ ಲೆಕ್ಕ ಅದರಲ್ಲಿದೆ. ನೀವು ಹಾಪರ್ ತುಂಬಾ ಪುಡಿ ಹಾಕಿ, ಅದರ ಲೆಕ್ಕದಲ್ಲಿ ಖಾಲಿ ಅಂದರೆ ಖಾಲಿ. ಬೇರೆ ಚಿಪ್ಪು ಹಾಕಿದರೆ ಸ್ವಲ್ಪ ಕಾಲ ಓಡುತ್ತದೆ. ಆಮೇಲೆ ಒಂದು ದಿನ ಪ್ರಿಂಟರ್ ತಾನೇ ನೆಟ್‌ನಿಂದ ಅಪ್‌ಡೇಟ್ ಎಳೆದುಕೊಂಡು, ನಿನ್ನೆ ಒಪ್ಪಿದ್ದನ್ನು ಇವತ್ತು ಬೇಡ ಅನ್ನುತ್ತದೆ.

ಕೋರ್ಟಿನ ಹತ್ತಿರ ಝೆರಾಕ್ಸ್ ಅಂಗಡಿ ಇಟ್ಟಿರುವ ಒಬ್ಬ ಅಕ್ಕನಿಗೆ ಹೀಗೇ ಆಯಿತು. "ಅಣ್ಣ, ನಾನೇನೂ ಮುಟ್ಟಿಲ್ಲ, ನಿನ್ನೆ ಸಂಜೆವರೆಗೂ ಚೆನ್ನಾಗೇ ಇತ್ತು" ಎಂದು ಫೋನ್ ಮಾಡಿದರು. ಬೇರೆ ಚಿಪ್ಪಿನ ಕಾರ್ಟ್ರಿಜ್ ನಡೆಯಲ್ಲ ಅನ್ನುವ ಈ ಷರತ್ತು ಎಲ್ಲಿ ಬರೆದಿದೆ ಅಂತ ಇಬ್ಬರೂ ಹುಡುಕಿದೆವು. ಬಿಲ್‌ನಲ್ಲಿ ಇಲ್ಲ. ಬಾಕ್ಸಿನ ಅಡಿಯಲ್ಲಿ, ಇರುವೆ ಸಾಲಿನ ಹಾಗೆ, ಇಂಗ್ಲಿಷಿನಲ್ಲಿ ಎರಡು ಸಾಲು. ಉಳಿದದ್ದೆಲ್ಲ ಇನ್‌ಸ್ಟಾಲ್ ಮಾಡುವಾಗ ಬರುವ ಒಪ್ಪಂದದೊಳಗೆ. ಅದಕ್ಕೆ 'ಆಕ್ಸೆಪ್ಟ್' ಒತ್ತಿದ್ದು ಯಾರು? ಅಕ್ಕ ಅಲ್ಲ. ಡೀಲರ್ ಕಡೆಯಿಂದ ಬಂದಿದ್ದ ಹುಡುಗ. ಅವನು ದಿನಕ್ಕೆ ಹತ್ತು ಕಡೆ ಒತ್ತುತ್ತಾನೆ, ಅವನೂ ಓದಿಲ್ಲ. ದುಡ್ಡು ಕೊಟ್ಟವರು ಒಪ್ಪಿಲ್ಲ, ಒಪ್ಪಿದವನು ದುಡ್ಡು ಕೊಟ್ಟಿಲ್ಲ.

ಕಾನೂನು ಏನು ಹೇಳುತ್ತದೆ ಅಂತ ಹುಡುಕಿದಾಗ ನನ್ನ ಕಸುಬಿನದೇ ಒಂದು ಕೇಸು ಸಿಕ್ಕಿತು. ಅಮೆರಿಕದ ಲೆಕ್ಸ್‌ಮಾರ್ಕ್ ಕಂಪನಿ ಒಂದು ಥರದ ಟೋನರ್ ಕಾರ್ಟ್ರಿಜ್ಜನ್ನು ಸುಮಾರು 20 ಪರ್ಸೆಂಟ್ ಕಡಿಮೆಗೆ ಮಾರುತ್ತಿತ್ತು. ಷರತ್ತು: ಒಂದೇ ಸಲ ಬಳಸಬೇಕು, ಖಾಲಿ ಡಬ್ಬಿಯನ್ನು ಕಂಪನಿ ಬಿಟ್ಟು ಬೇರೆ ಯಾರಿಗೂ ಕೊಡಬಾರದು. ಕಾಯಲಿಕ್ಕೆ ಚಿಪ್ಪು ಇತ್ತು. ವೆಸ್ಟ್ ವರ್ಜೀನಿಯಾದ ಇಂಪ್ರೆಷನ್ ಪ್ರಾಡಕ್ಟ್ಸ್ ಅನ್ನುವ ಚಿಕ್ಕ ಕಂಪನಿ ಅಂಥ ರೀಫಿಲ್ ಡಬ್ಬಿಗಳನ್ನು ಮಾರಿತು. ಲೆಕ್ಸ್‌ಮಾರ್ಕ್ ಪೇಟೆಂಟ್ ಕೇಸು ಹಾಕಿತು. 2017ರ ಮೇ 30ರಂದು ಅಲ್ಲಿನ ಸುಪ್ರೀಂ ಕೋರ್ಟ್, ಮಾರಿದ ಮೇಲೆ ಆ ವಸ್ತುವಿನ ಮೇಲಿನ ಪೇಟೆಂಟ್ ಹಕ್ಕು ಮುಗಿಯಿತು ಎಂದಿತು. ಮುಖ್ಯ ನ್ಯಾಯಮೂರ್ತಿ ರಾಬರ್ಟ್ಸ್ ಹಳೇ ಕಾರು ಸರಿಮಾಡಿ ಮಾರುವ ಅಂಗಡಿಯ ಉದಾಹರಣೆ ಕೊಟ್ಟಿದ್ದಾರೆ. ಬಿಡಿಭಾಗ ಮಾಡಿದ ಒಂದೊಂದು ಕಂಪನಿಯೂ ಬಂದು ತಡೆಯುವಂತಿದ್ದರೆ ಆ ವ್ಯಾಪಾರ ನಡೆಯುತ್ತದಾ ಅನ್ನುವುದು ಅವರ ವಾದ.

ಇದು ಹೊಸ ತಗಾದೆ ಏನಲ್ಲ. 1904ರಲ್ಲೇ ಅಲ್ಲಿನ ಒಬ್ಬ ಪ್ರಕಾಶಕರು, ಒಂದು ಡಾಲರ್‌ಗಿಂತ ಕಡಿಮೆಗೆ ಮಾರಲು ಯಾರಿಗೂ ಲೈಸೆನ್ಸ್ ಇಲ್ಲ ಅಂತ ಪುಸ್ತಕದೊಳಗೆ ಅಚ್ಚು ಹಾಕಿದ್ದರು. ಮೇಸೀಸ್ ಅಂಗಡಿ 89 ಸೆಂಟಿಗೆ ಮಾರಿತು. ಕೇಸು 1908ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನಲ್ಲಿ ಮುಗಿಯಿತು, ಗೆದ್ದದ್ದು ಅಂಗಡಿಯೇ.

ಲೆಕ್ಸ್‌ಮಾರ್ಕ್ ತೀರ್ಪು ಓದಿ ನಾನೂ ಖುಷಿಯಾದೆ. ಆದರೆ ಅದರಲ್ಲಿ ಎರಡು ತೊಡಕಿದೆ. ಕಂಪನಿಗೂ ಕೊಂಡವನಿಗೂ ನಡುವೆ ಒಪ್ಪಂದ ಆಗಿದ್ದರೆ ಅದು ಬೇರೆ ವಿಷಯ ಎಂದು ಕೋರ್ಟ್ ಬಿಟ್ಟಿದೆ. ಇನ್ನೊಂದು, ಚಿಪ್ಪು ಇಡಬಾರದು ಅಂತ ಎಲ್ಲೂ ಹೇಳಿಲ್ಲ. ಕೋರ್ಟಿನಲ್ಲಿ ಸೋತ ಷರತ್ತು ಸರ್ಕ್ಯೂಟಿನಲ್ಲಿ ಆರಾಮಾಗಿ ಬದುಕಿದೆ. ನನಗೆ ದಿನಾ ಎದುರಾಗುವುದು ಈ ಎರಡನೆಯದೇ.

ನಮ್ಮಲ್ಲಿ? 1930ರ ಸರಕು ಮಾರಾಟ ಕಾಯ್ದೆಯ 14ನೇ ಕಲಮು, ಕೊಂಡವನು ವಸ್ತುವನ್ನು ಯಾರ ಕಾಟವೂ ಇಲ್ಲದೆ ಅನುಭವಿಸಬೇಕು ಎನ್ನುತ್ತದೆ. ಆದರೆ 62ನೇ ಕಲಮಿನ ಪ್ರಕಾರ ಒಪ್ಪಂದ ಮಾಡಿಕೊಂಡು ಅದನ್ನು ಬದಲಾಯಿಸಬಹುದು. ಮತ್ತೆ ಆ 'ಆಕ್ಸೆಪ್ಟ್' ಬಟನ್ನಿಗೇ ಬಂದು ನಿಂತೆವು ನೋಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 'ಅನ್ಯಾಯದ ಒಪ್ಪಂದ'ದ ವಿರುದ್ಧ ದೂರು ಕೊಡಲು ಬಿಡುತ್ತದೆ. ಹೊಟ್ಟೆಪಾಡಿಗೆ ಸ್ವಂತ ಉದ್ಯೋಗ ಮಾಡುವವರೂ ಅದರಲ್ಲಿ ಗ್ರಾಹಕರೇ, ಹಾಗಾಗಿ ಝೆರಾಕ್ಸ್ ಅಂಗಡಿಯ ಅಕ್ಕನೂ ಸೇರುತ್ತಾರೆ. ಆದರೆ ಅನ್ಯಾಯದ ಒಪ್ಪಂದದ ದೂರು ಜಿಲ್ಲಾ ಆಯೋಗಕ್ಕೆ ಬರುವುದಿಲ್ಲ, ರಾಜ್ಯ ಆಯೋಗಕ್ಕೆ ಹೋಗಬೇಕು. ಒಂದು ಕಾರ್ಟ್ರಿಜ್ಜಿಗಾಗಿ ಅಂಗಡಿ ಮುಚ್ಚಿ ಬೆಂಗಳೂರಿಗೆ ಯಾರು ಓಡಾಡುತ್ತಾರೆ?

ಅದಕ್ಕೇ ನಾನು ಕೊಳ್ಳುವ ಮುಂಚೆಯೇ ಕೆಲಸ ಶುರು ಮಾಡುತ್ತೇನೆ. ಯಾರಾದರೂ ಹೊಸ ಪ್ರಿಂಟರ್ ಕೊಳ್ಳಲು ಸಲಹೆ ಕೇಳಿದರೆ, "ರೀಫಿಲ್ ಮಾಡಿದ ಟೋನರ್ ನಡೆಯುತ್ತದೆ" ಎಂದು ಡೀಲರ್ ಹತ್ತಿರ ಬಿಲ್ ಮೇಲೆ ಬರೆಸಿಕೊಳ್ಳಿ ಅನ್ನುತ್ತೇನೆ. ಬಾಯಲ್ಲಿ ಎಲ್ಲರೂ "ನಡೆಯುತ್ತೆ ಸರ್" ಅನ್ನುತ್ತಾರೆ. ಪೆನ್ನು ಕೊಟ್ಟಾಗ ಕೈ ಹಿಂದೆ ಸರಿಯುತ್ತದೆ. ಆಗ ಬೇರೆ ಮಾಡೆಲ್ ನೋಡಬೇಕು ಅಂತ ಅರ್ಥ. ನಿಜವಾಗಲೂ ಬರೆದುಕೊಟ್ಟ ಡೀಲರ್‌ಗಳೂ ಇದ್ದಾರೆ. ನನ್ನ ಗಿರಾಕಿಗಳನ್ನು ಅವರ ಹತ್ತಿರವೇ ಕಳಿಸುತ್ತೇನೆ.

ಹೂಡುವಾಗ ವೈಫೈ ಕೊಡುವುದಿಲ್ಲ. ಯುಎಸ್‌ಬಿ ವೈರಿನಲ್ಲೇ ಜೋಡಿಸಿ ಒಂದು ಪುಟ ತೆಗೆಯುತ್ತೇನೆ. ನೆಟ್ ಇಲ್ಲದೆ ಮುಂದಕ್ಕೇ ಹೋಗದ ಮಾಡೆಲ್ ಆದರೆ, ಬಾಕ್ಸ್ ಹರಿಯದೆ ವಾಪಸ್ ಕೊಡುವ ಮಾತು ಅಲ್ಲೇ ಎತ್ತುತ್ತೇನೆ. ಒಪ್ಪಂದದ ಪರದೆ ಬಂದಾಗ ಮೌಸ್ ಗಿರಾಕಿಯ ಕೈಗೆ. ಇಡೀ ಪತ್ರ ಓದಿ ಹೇಳಲು ನನಗೂ ಪುರುಸೊತ್ತಿಲ್ಲ. ಮೂರೇ ವಿಷಯ ಹುಡುಕಿ ಕನ್ನಡದಲ್ಲಿ ಹೇಳುತ್ತೇನೆ: ತಾನೇ ಅಪ್‌ಡೇಟ್ ಆಗುತ್ತದಾ, ಬೇರೆ ಕಾರ್ಟ್ರಿಜ್ ತಡೆಯುತ್ತದಾ, ಸದಾ ನೆಟ್ ಬೇಕಾ. ಆಮೇಲೆ ಒತ್ತುವುದು ಬಿಡುವುದು ಅವರಿಗೆ ಬಿಟ್ಟದ್ದು. ಆ ಪರದೆಯ ಫೋಟೋ ಅವರ ಮೊಬೈಲಿನಲ್ಲಿ ಇರಲೇಬೇಕು.

ಆಟೋ ಅಪ್‌ಡೇಟ್ ಆಫ್ ಮಾಡುತ್ತೇನೆ, ಆದರೆ ಎಲ್ಲರಿಗೂ ಅಲ್ಲ. ಬ್ಯಾಂಕು, ದೊಡ್ಡ ಆಫೀಸುಗಳಲ್ಲಿ ಪ್ರಿಂಟರ್ ನೆಟ್‌ವರ್ಕ್ ಮೇಲೆ ಇರುತ್ತದೆ. ಅಪ್‌ಡೇಟ್ ನಿಲ್ಲಿಸಿದರೆ ಸೆಕ್ಯುರಿಟಿ ರಿಪೇರಿಗಳೂ ನಿಲ್ಲುತ್ತವೆ. ಎರಡನ್ನೂ ಒಂದೇ ಗಂಟಲ್ಲಿ ಕಟ್ಟಿ ಕೊಡುವುದೇ ನನಗೆ ಸಿಟ್ಟು ಬರಿಸುವ ವಿಷಯ.

"ಹಾಗಾದರೆ ಇಂಕ್ ಟ್ಯಾಂಕ್ ತಗೊಳ್ಳಲಾ?" ಅಂತ ಕೇಳುತ್ತಾರೆ. ಬಾಟಲಿಯಿಂದ ಸುರಿದರೆ ಸಾಕು, ಖರ್ಚು ಕಡಿಮೆ, ನಿಜ. ಆದರೆ ಇಂಕು ಚಿಮ್ಮಿಸುವ ಹೆಡ್ ಕ್ಲೀನ್ ಮಾಡಿದಾಗ ಸೋರುವ ಇಂಕು ಒಳಗಿನ ಪ್ಯಾಡಿಗೆ ಹೋಗುತ್ತದೆ, ಅದಕ್ಕೂ ಒಂದು ಲೆಕ್ಕವಿದೆ. ಲೆಕ್ಕ ತುಂಬಿದ ದಿನ ಪ್ರಿಂಟರ್ ನಿಲ್ಲುತ್ತದೆ. ಪ್ಯಾಡ್ ಬದಲಾಯಿಸಿ ಲೆಕ್ಕ ಸೊನ್ನೆಗೆ ತರಬೇಕು. ಅದನ್ನು ತರುವ ಸಾಫ್ಟ್‌ವೇರ್ ಕೊಂಡವರಿಗೆ ಸಿಗುತ್ತದಾ ಅಂತ ಮೊದಲೇ ಕೇಳಿಟ್ಟುಕೊಳ್ಳಿ.

ಕಡಿಮೆ ಬೆಲೆಗೆ ಕೊಟ್ಟು, "ಇದರಲ್ಲಿ ನಮ್ಮ ಟೋನರ್ ಮಾತ್ರ" ಅಂತ ಬಾಕ್ಸಿನ ಮುಂದೆ ದೊಡ್ಡ ಅಕ್ಷರದಲ್ಲಿ ಬರೆದರೆ ನನ್ನ ತಕರಾರಿಲ್ಲ. ಕೆಲವರಿಗೆ ತಿಂಗಳಿಗೆ ಇಪ್ಪತ್ತು ಪುಟ ಸಾಕು, ಅವರಿಗೆ ಅದೇ ಲಾಭ. ಝೆರಾಕ್ಸ್ ಅಂಗಡಿಯವರ ಲೆಕ್ಕ ಬೇರೆ. ಅವರು ಈಗಲೂ ಬಂದು ಕೇಳುವುದು ಕ್ಯಾನನ್ ಎಲ್‌ಬಿಪಿ 2900. ಅದರ ಕಾರ್ಟ್ರಿಜ್ಜಿನಲ್ಲಿ ಚಿಪ್ಪೇ ಇಲ್ಲ, ಡ್ರಮ್ಮು ಸವೆಯುವವರೆಗೆ ಮತ್ತೆ ಮತ್ತೆ ತುಂಬಬಹುದು. ನಿಮ್ಮ ಆಫೀಸಿನ ಮೂಲೆಯಲ್ಲಿ ಅಂಥದ್ದೊಂದು ಧೂಳು ತಿನ್ನುತ್ತಿದ್ದರೆ ಗುಜರಿಗೆ ಹಾಕಬೇಡಿ. ಪೇಪರ್ ಎಳೆಯುವ ರಬ್ಬರ್ ರೋಲರ್ ಸವೆದಿರುತ್ತದೆ ಅಷ್ಟೇ, ಅದು ಸಿಗುತ್ತದೆ.