ಒಂದೂವರೆಗೆ ಕಚೇರಿ ಮುಗಿದ ಮೇಲೆ: ನನ್ನ ಬೇಸಿಗೆ ಓದಿನ ಅನುಭವ

ಬಿಸಿಲಿನ ಕಾರಣದಿಂದ ಕಲಬುರಗಿಯಲ್ಲಿ ಏಪ್ರಿಲ್ ಮತ್ತು ಮೇ ತಿಂಗಳ ಮಟ್ಟಿಗೆ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ಆರಂಭವಾಗಿ ಮಧ್ಯಾಹ್ನ 1:30ಕ್ಕೆ ಮುಗಿಯುತ್ತವೆ. ಊಟವಾದ ಮೇಲೆ ಹೊತ್ತು ಇಳಿಯುವವರೆಗೆ ಹೊರಗೆ ಕಾಲಿಡುವಂತಿಲ್ಲ. ಆ ಹೊತ್ತಿನಲ್ಲಿ ಪುಸ್ತಕ ಓದಬೇಕೆಂದು 2022ರಿಂದ ಹೆಣಗುತ್ತಿದ್ದೆ. 2025ರಲ್ಲಿ ಅದು ಕೈಗೂಡಿತು. ಸಂಖ್ಯೆಯ ಗುರಿಯಿಲ್ಲದ ಓದು ಸವಾಲೇ ಅಲ್ಲ, ಹದಿನೈದು ದಿನಗಳಲ್ಲಿ ಕೈಬಿಡುತ್ತೀರಿ ಎಂದು ಸಹೋದ್ಯೋಗಿಗಳು ಹೇಳಿದ್ದರಿಂದ, ನಡೆದದ್ದನ್ನು ನಡೆದಂತೆಯೇ ಬರೆದಿಡುತ್ತಿದ್ದೇನೆ.

2022ರಲ್ಲಿ ನಾನು 30 ಪುಸ್ತಕಗಳ ಗುರಿ ಇಟ್ಟುಕೊಂಡು, ಸುಮಾರು 4,500 ರೂಪಾಯಿ ಸುರಿದು, ಪಟ್ಟಿ ಮಾಡಿ ಗೋಡೆಗೆ ಅಂಟಿಸಿದ್ದೆ. ಮೊದಲು ಕೈಗೆತ್ತಿಕೊಂಡದ್ದು ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’. ಏಳುನೂರು ಪುಟಗಳಷ್ಟಿರುವ ಆ ಕಾದಂಬರಿಯನ್ನು ದಿನಕ್ಕೆ 60 ಪುಟದಂತೆ ಓಡಿಸಲು ಹೋಗಿ, ಯಾರು ಯಾವ ಮನೆಯವರೆಂಬುದೇ ತಪ್ಪಿಹೋಗಿ, 180ನೆಯ ಪುಟದ ಆಸುಪಾಸಿನಲ್ಲಿ ಮುಚ್ಚಿಟ್ಟೆ. ಆಮೇಲೆ ಲೆಕ್ಕ ತುಂಬಿಸುವುದಕ್ಕಾಗಿ ತೆಳುವಾದ ಪುಸ್ತಕಗಳನ್ನೇ ಹುಡುಕಿ ಏಳೆಂಟು ಮುಗಿಸಿದೆನಾದರೂ ಅವುಗಳಲ್ಲಿ ಒಂದೂ ಮನಸ್ಸಿನಲ್ಲಿ ಉಳಿಯಲಿಲ್ಲ.

ಮುಂದಿನ ಎರಡು ವರ್ಷ ಚುನಾವಣೆಗೆ ಹೋದವು. 2023ರ ಮೇ 10ರಂದು ವಿಧಾನಸಭೆಗೆ, 2024ರ ಮೇ 7ರಂದು ನಮ್ಮಲ್ಲಿ ಲೋಕಸಭೆಗೆ ಮತದಾನ. ತರಬೇತಿ, ಮಸ್ಟರಿಂಗ್ (ಮತಯಂತ್ರ, ಸಾಮಗ್ರಿ ಪಡೆಯುವುದು), ಮತಗಟ್ಟೆ, ಡಿ-ಮಸ್ಟರಿಂಗ್ (ಅವನ್ನು ಹಿಂದಿರುಗಿಸುವುದು) ಎಂದು ದಿನಗಳು ಕಳೆದವು. ಓದು ತಪ್ಪಿದ ದಿನದ ಪುಟಗಳನ್ನು ಮರುದಿನದ ಲೆಕ್ಕಕ್ಕೆ ಸೇರಿಸುತ್ತ ಹೋದೆ. ವಾರ ಕಳೆಯುವಷ್ಟರಲ್ಲಿ ಬಾಕಿ ಮುನ್ನೂರು ಪುಟ ದಾಟಿ, ಪುಸ್ತಕ ಕಂಡರೆ ಸಾಲ ಕೊಟ್ಟವನು ಎದುರಾದಂತಾಗುತ್ತಿತ್ತು. ಆ ದಿನಗಳಲ್ಲೇ 350 ರೂಪಾಯಿ ಕೊಟ್ಟು ತರಿಸಿದ ಹಳೆಯ ಕಾದಂಬರಿಯೊಂದರಲ್ಲಿ ನಟ್ಟನಡುವಿನ ಒಂದು ಫಾರಂ, ಅಂದರೆ 16 ಪುಟ, ಇರಲೇ ಇಲ್ಲ. ಮಾರಿದವರು ಹಣ ಹಿಂದಿರುಗಿಸಲಿಲ್ಲ. ಅಂದಿನಿಂದ ಹಳೆಯ ಪುಸ್ತಕ ಕೊಳ್ಳುವಾಗ ಪುಟಸಂಖ್ಯೆಗಳನ್ನು ಒಂದೊಂದಾಗಿ ತಿರುವಿ ನೋಡದೆ ಹಣ ಕೊಡುವುದಿಲ್ಲ.

2025ರಲ್ಲಿ ಗೋಡೆಯ ಪಟ್ಟಿಯನ್ನು ಕಿತ್ತುಹಾಕಿದೆ. ಮಧ್ಯಾಹ್ನ 3ರಿಂದ 5ರವರೆಗೆ ಓದುವುದು. ಎಷ್ಟು ಪುಟವಾಯಿತೆಂದು ಎಣಿಸುವಂತಿಲ್ಲ. ತಪ್ಪಿದ ದಿನವನ್ನು ಮರುದಿನ ತುಂಬಿಕೊಡುವಂತಿಲ್ಲ. ಐವತ್ತು ಪುಟ ಓದಿಯೂ ಹಿಡಿಸದ ಪುಸ್ತಕವನ್ನು ಹಳಹಳಿಯಿಲ್ಲದೆ ಬಿಡುವುದು. ಮೂರು ಪುಸ್ತಕ ಮಾತ್ರ ಕಣ್ಣೆದುರು, ಉಳಿದವು ಟ್ರಂಕಿನಲ್ಲಿ. ಆ ಮೂರನ್ನು ಯಾವ ಕ್ರಮದಲ್ಲಿ ಆರಿಸುತ್ತೇನೆಂಬುದನ್ನು ಸದ್ಯ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಊಟದ ನಂತರದ ನಿದ್ದೆಗೂ ಒಂದು ಉಪಾಯ ಕಂಡುಕೊಂಡಿದ್ದೇನೆ. ಜೋಳದ ರೊಟ್ಟಿಯನ್ನು ಎರಡಕ್ಕೆ ನಿಲ್ಲಿಸುವುದು ಅದರ ಒಂದು ಭಾಗ ಎಂದಷ್ಟೇ ಹೇಳಬಲ್ಲೆ.

ಏಪ್ರಿಲ್ ಎರಡನೆಯ ವಾರದಲ್ಲಿ ಗ್ರಂಥಾಲಯದಿಂದ ತಂದ ಪುಸ್ತಕವನ್ನು ಕೂಲರಿನ ಪಕ್ಕದ ಸ್ಟೂಲಿನ ಮೇಲಿಟ್ಟು ಚಹಾಕ್ಕೆ ಎದ್ದು ಹೋಗಿದ್ದೆ. ಬಂದು ನೋಡಿದರೆ ಹುಲ್ಲಿನ ಪ್ಯಾಡಿನಿಂದ ಸಿಡಿದ ನೀರಿಗೆ ಮೂವತ್ತು ಪುಟಗಳು ಉಬ್ಬಿ, ಹಿಂಬದಿಯ ಅಕ್ಷರಗಳು ಮುಂಬದಿಯ ಸಾಲುಗಳ ನಡುವೆ ತಿರುವುಮುರುವಾಗಿ ಮೂಡಿದ್ದವು. ಹಾಳೆಗಳ ನಡುವೆ ಹಳೆಯ ಪತ್ರಿಕೆ ತೂರಿಸಿ, ಮೇಲೆ ರೊಟ್ಟಿಯ ಹಂಚು ಹೇರಿ ಎರಡು ದಿನ ಬಿಟ್ಟರೂ ಸರಿಹೋಗಲಿಲ್ಲ. ಬೆಲೆ 280 ರೂಪಾಯಿ ಕಟ್ಟಿದೆ. ಆ ವರ್ಷದ ಒಟ್ಟು ಖರ್ಚು ಇದೂ ಸೇರಿ 900ರ ಒಳಗೇ ಇತ್ತು. 2022ಕ್ಕೆ ಹೋಲಿಸಿದರೆ ಐದರಲ್ಲಿ ಒಂದು ಪಾಲು.

ಟ್ರಂಕಿನಿಂದ ‘ಮಲೆಗಳಲ್ಲಿ ಮದುಮಗಳು’ ಮತ್ತೆ ಹೊರಬಂತು. ಹೊರಗೆ 42 ಡಿಗ್ರಿ ಬಿಸಿಲು, ಒಳಗೆ ಕಿಟಕಿಗೆ ಒದ್ದೆ ಚಾದರ, ಕೈಯಲ್ಲಿ ನಾಯಿಗುತ್ತಿಯೂ ಅವನ ನಾಯಿ ಹುಲಿಯನೂ ನಡೆಯುವ ಮಲೆನಾಡಿನ ಕಾಡು. ಕೊನೆಯ ಹಾಳೆಯಲ್ಲಿ ಪೆನ್ಸಿಲ್ಲಿನಿಂದ ಮನೆತನಗಳನ್ನು ಗುರುತು ಹಾಕಿಕೊಂಡು ನಿಧಾನವಾಗಿ ಓದಿದೆ. ಮೂರು ವರ್ಷದ ಹಿಂದೆ ನನ್ನನ್ನು ಸೋಲಿಸಿದ್ದ ಕಾದಂಬರಿ ಸುಮಾರು 24 ದಿನಗಳಲ್ಲಿ ಮುಗಿಯಿತು. ನಮ್ಮ ನೆಲದವರೇ ಆದ ಗೀತಾ ನಾಗಭೂಷಣ ಅವರ, 2004ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ‘ಬದುಕು’ ಕಾದಂಬರಿಯನ್ನು ಮಾತ್ರ ಮನೆಯವರೆಲ್ಲ ಕೇಳುವಂತೆ ಗಟ್ಟಿಯಾಗಿ ಓದಿದೆ. ಇಲ್ಲಿಯ ಮಾತು ಇಲ್ಲಿಯವರ ಬಾಯಲ್ಲಿ ಕೇಳಿದರೆ ಅದರ ಬಿಗುವೇ ಬೇರೆ. ಅಡುಗೆಮನೆಯಿಂದ ನಮ್ಮ ಅತ್ತೆಯವರು ನನ್ನ ಉಚ್ಚಾರಣೆಯನ್ನು ಎರಡು ಕಡೆ ತಿದ್ದಿದರು.

ನಡುವೆ ಇನ್ನೊಂದು ಪ್ರಯೋಗವನ್ನೂ ಮಾಡಿದೆ. ನಮ್ಮೂರಿನಿಂದ ಸುಮಾರು ನಲವತ್ತು ಕಿಲೋಮೀಟರ್ ದೂರದ ಮಳಖೇಡ ರಾಷ್ಟ್ರಕೂಟರ ರಾಜಧಾನಿಯಾಗಿತ್ತು. ‘ಕವಿರಾಜಮಾರ್ಗ’ ಹುಟ್ಟಿದ್ದು ಆ ಆಸ್ಥಾನದಲ್ಲಿ. ಕಚೇರಿಗೆ ಹೊರಡುವ ಮುನ್ನ ಗದ್ಯಾನುವಾದವನ್ನು ಪಕ್ಕಕ್ಕಿಟ್ಟುಕೊಂಡು ದಿನಕ್ಕೆ ನಾಲ್ಕು ಪದ್ಯ ಓದತೊಡಗಿದೆ. ಮೂರು ಪರಿಚ್ಛೇದಗಳಲ್ಲಿ ಮೊದಲನೆಯದನ್ನು ದಾಟಿದೆ. ಎರಡನೆಯದರ ಅಲಂಕಾರಗಳಲ್ಲಿ ನಿಂತಿದ್ದೇನೆ. ಫೋನಿನಲ್ಲಿ ಓದುವ ಪ್ರಯತ್ನ ನಾಲ್ಕೇ ದಿನಕ್ಕೆ ನಿಂತಿತು, ಅದರ ಮಾತು ಬೇಡ.

ಮೇ 31ಕ್ಕೆ ಲೆಕ್ಕ ಹಾಕಿದಾಗ ಆರು ಪುಸ್ತಕ ಪೂರ್ತಿ, ಒಂದು ಅರ್ಧ, ಬಿಟ್ಟವು ಎರಡು. ಸುಮಾರು ಎರಡು ಸಾವಿರ ಪುಟ. ಮೂವತ್ತರ ಗುರಿ ಇಟ್ಟುಕೊಂಡಿದ್ದ ನಮ್ಮ ವಿಭಾಗದ ಗೆಳೆಯರೊಬ್ಬರು ಐದರಲ್ಲಿ ನಿಂತಿದ್ದರು. ಜೂನ್ ಮೊದಲ ವಾರದಿಂದ ಕಚೇರಿ ಮತ್ತೆ ಹತ್ತು ಗಂಟೆಗೆ ಆರಂಭವಾಯಿತು. ಅರ್ಧ ಉಳಿದಿದ್ದ ಪುಸ್ತಕವನ್ನು ಊಟದ ಡಬ್ಬಿಯ ಚೀಲದಲ್ಲಿಟ್ಟುಕೊಂಡು ಹೋಗಿ, ದಿನಕ್ಕೆ ಹತ್ತು ಪುಟದಂತೆ, ಮೊದಲ ಮಳೆ ಬೀಳುವ ಹೊತ್ತಿಗೆ ಮುಗಿಸಿದೆ.